ಕೊನೆಯ ಚಾಪೆ

ಹೊಸ ಸ್ವಯಂಸೇವಕಿಯ ಪ್ರಮಾಣಪತ್ರ ಇಡಲೆಂದು ಮೇಲ್ವಿಚಾರಕಿ ತೆರೆದ ಅವಳ ಚೀಲದಲ್ಲಿ ಎರಡು ವರ್ಷದ ಮಗುವಿನ ಫ್ರಾಕು ಕಂಡಿತು. ಮಕ್ಕಳಿಲ್ಲ ಎಂದು ಅರ್ಜಿಯಲ್ಲಿ ಬರೆದವಳಿಗೆ ಫ್ರಾಕೇಕೆ?

ಪರದೇಶದಿಂದ ಬಂದು ಶಿಶುವಿಹಾರದಲ್ಲಿ ಮೂರು ವಾರ ಪುಕ್ಕಟೆ ದುಡಿಯುವವರು ಇವಳೊಬ್ಬಳೇ ಅಲ್ಲ. ಬರುತ್ತಾರೆ, ಮಕ್ಕಳನ್ನೆತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಇವಳು ಒಂದೂ ಫೋಟೋ ತೆಗೆಸಿಕೊಳ್ಳಲಿಲ್ಲ. ಮೂಗು ಒರೆಸಿದಳು, ಚಡ್ಡಿ ಒಗೆದಳು, ಕಲಿತು ಬಂದ ಕನ್ನಡದಲ್ಲಿ ಬೇಕಾದಷ್ಟೇ ಮಾತಾಡಿದಳು. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೆ ಮಾತ್ರ ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತಿದ್ದಳು. ಕಣ್ಣು ಸದಾ ಕೊನೆಯ ಚಾಪೆಯ ಕಡೆ.

ಅದು ಗುಂಗುರುಕೂದಲ ಪುಟ್ಟಿಯ ಚಾಪೆ. ದತ್ತು ಬಂದ ಕೂಸು, ಮಹಾ ಹಟಮಾರಿ. ಅದಕ್ಕೇ ಮುದುಕಿ ಆಯಾಳ ಮಂಡಿಯ ಪಕ್ಕ ಅವಳ ಜಾಗ. ಆಯಾ ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದು ಇಲ್ಲೇ ತಲೆ ನರೆಸಿಕೊಂಡವಳು. ಊರಿಗೆ ಹೋಗುವ ಮಾತೆತ್ತಿದರೆ, “ಯಾವ ಮುಖ ಇಟ್ಕೊಂಡು ಹೋಗ್ಲಿ?” ಎನ್ನುವಳು. ಈಗ ಕಣ್ಣಿಗೆ ಪೊರೆ. ಆದರೂ ಅವಳನ್ನು ಕೆಲಸದಿಂದ ಬಿಡಿಸುವವರುಂಟೇ? ಅವಳ ಕೈ ತಟ್ಟಿದರೆ ಎಂಥ ರಚ್ಚೆ ಹಿಡಿದ ಮಗುವೂ ನಿದ್ದೆಗೆ ಜಾರುತ್ತಿತ್ತು. ಎಲ್ಲ ಮಕ್ಕಳಿಗೂ ಅವಳದು ಒಂದೇ ಮಾತು: “ಮಲಗು ಬಂಗಾರ, ಸಂಜೆ ಅಮ್ಮ ಬರ್ತಾಳೆ.”

ಮೇಲ್ವಿಚಾರಕಿ ಹೊಸಬಳನ್ನು ಕರೆದಳು.

“ಈ ಫ್ರಾಕು ಯಾರದು?”

“ಅಮ್ಮನಿಂದ ದೂರಾದ ಮಗೂದು.”

“ಅದಕ್ಕೇ ಇಲ್ಲಿಗೆ ಬಂದ್ರಾ?”

“ಹೌದು. ಸಿಕ್ಕಾಯ್ತು. ಹೇಳ್ಕೊಳ್ಳೋಕೆ ಬಾಯಿ ಬರ್ತಿಲ್ಲ.” ಫ್ರಾಕನ್ನು ಮಡಿಚಿ ಎದೆಗೊತ್ತಿಕೊಂಡಳು. “ನಾಳೆ ವಿಮಾನ.”

ಇನ್ನೇನು ಬೇಕು? ಹೆತ್ತು ಕೊಟ್ಟವಳು ಈಗ ಪುಟ್ಟಿಯನ್ನು ಕದಿಯಲು ಬಂದಿದ್ದಾಳೆ. ಮೇಲ್ವಿಚಾರಕಿ ಗೇಟಿಗೆ ಓಡಿ, ಬೀಗ ಹಾಕು ಎಂದು ಕಾವಲುಗಾರನಿಗೆ ಹೇಳಿದಳು. ತಿರುಗಿ ಒಳಬರುವಾಗ ಅಡುಗೆಮನೆಯಲ್ಲಿ ಪುಟ್ಟಿಯ ನಗು ಕೇಳಿಸಿತು. ಅಡುಗೆಯವಳ ಸೊಂಟದ ಮೇಲೆ ಕೂತು ಆರಾಮಾಗಿ ಬಿಸ್ಕತ್ತು ಚೀಪುತ್ತಿದ್ದಳು.

“ಹೊಸ ಅಕ್ಕ ಕೊಟ್ಟು ಹೋದ್ರು,” ಎಂದಳು ಅಡುಗೆಯವಳು. “ಒಂದೇ ಒಂದು ಗಳಿಗೆ ನೋಡ್ಕೊಳ್ಳಿ ಅಂದ್ರು.”

ಮೇಲ್ವಿಚಾರಕಿ ಮಲಗುವ ಕೋಣೆಗೆ ಧಾವಿಸಿದಳು. ಪರದೆ ಎಳೆದಿತ್ತು. ಮಕ್ಕಳೆಲ್ಲ ನಿದ್ದೆಯಲ್ಲಿದ್ದವು. ಕೊನೆಯ ಚಾಪೆಯ ಮೇಲೆ, ಮೊಣಕಾಲು ಹೊಟ್ಟೆಗೆ ಸೆಳೆದು, ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದು ಹೊಸಬಳು ಮಲಗಿದ್ದಳು. ಬಿಕ್ಕುತ್ತಿದ್ದಳು. ಬೈಯಲು ಬಂದ ಮೇಲ್ವಿಚಾರಕಿ ಹೊಸ್ತಿಲಲ್ಲೇ ನಿಂತಳು.

ಆಯಾ ಕತ್ತಲಲ್ಲಿ ಕೈ ಚಾಚಿ ತಟ್ಟತೊಡಗಿದಳು. “ಇವತ್ತೇನು ಇಷ್ಟೊಂದು ಅಳು? ಮಲಗು ಬಂಗಾರ, ಸಂಜೆ ಅಮ್ಮ ಬರ್ತಾಳೆ.”

ಆ ಕೈ ಬೆನ್ನಿನ ಅಗಲ ತಿಳಿದು ಗಕ್ಕನೆ ನಿಂತಿತು. “ಯಾರಮ್ಮ ನೀನು?”

“ನಿಲ್ಲಿಸ್ಬೇಡಮ್ಮ. ಮೂವತ್ತು ವರ್ಷದ ಹಿಂದೆ, ಸಂಜೆ ಬರ್ತೀನಿ ಅಂತ ಹೀಗೇ ತಟ್ಟಿ ಮಲಗಿಸಿ ಹೋದೆಯಲ್ಲ, ಅವಳೇ ನಾನು.”