ರೆಕ್ಕೆ ಮಡಚದ ಗಾಡಿ

ಟಕ್.

ಸಣ್ಣ ಸದ್ದು. ಕೆಳಗಿನ ಶೆಡ್ಡಿನಿಂದ ಬಂದದ್ದು. ಸೊಸೆ ಮಂಚದ ಮೇಲೆ ಎದ್ದು ಕುಳಿತಳು. ಅವಳಿಗಿನ್ನೂ ನಿದ್ದೆ ಹತ್ತಿರಲಿಲ್ಲ. ಪಕ್ಕದಲ್ಲಿ ಗಂಡನ ಗೊರಕೆ ಲಯ ತಪ್ಪದೆ ಸಾಗಿತ್ತು. ಇಲಿಯ ಸದ್ದಲ್ಲ ಅದು. ಗಾಡಿಯ ಸ್ಟೀರಿಂಗ್ ಕೆಳಗಿನ ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ಸದ್ದು. ಅವಳಿಗೆ ಅನುಮಾನವೇ ಇರಲಿಲ್ಲ.

ಯಾರೋ ಗಾಡಿಗೆ ಕೈ ಹಾಕಿದ್ದಾರೆ. ಅದೂ ಈ ರಾತ್ರಿಯೇ.

ಗಾಡಿ ಕೊಂಡದ್ದು ಅತ್ತೆಗಾಗಿ. ಅವರ ಮಂಡಿ, ಸೊಂಟ ಎರಡೂ ಒಟ್ಟಿಗೇ ಮುಷ್ಕರ ಹೂಡಿದ್ದವು. ಮಾಮೂಲಿ ಕಾರಿನೊಳಗೆ ಬಗ್ಗಿ ನುಸುಳುವುದು ಅವರಿಂದಾಗದ ಮಾತು. ಈ ಗಾಡಿಯ ಹಿಂದಿನ ಬಾಗಿಲುಗಳೋ, ಹಕ್ಕಿ ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ಏಳುತ್ತಿದ್ದವು. ಅತ್ತೆ ನಿಂತ ಹಾಗೆಯೇ ಒಳಗೆ ಹೆಜ್ಜೆಯಿಟ್ಟು ಕೂರಬಹುದು. ಗುಂಡಿ ಒತ್ತಿದರೆ ಬಾಗಿಲು ಏಳುತ್ತದೆ, ಮತ್ತೆ ಒತ್ತಿದರೆ ಇಳಿಯುತ್ತದೆ.

"ಇನ್ಮೇಲೆ ನೀವಿಬ್ರೇ ಆಸ್ಪತ್ರೆಗೆ ಹೋಗಿ ಬರಬಹುದು. ನಾನು ಬೇಕಾಗೇ ಇಲ್ಲ," ಎಂದು ಗಂಡ ಬೀಗಿದ್ದ.

"ಹೌದಪ್ಪ, ಗುಂಡಿ ಇದ್ಮೇಲೆ ಮಗ ಯಾಕೆ?" ಎಂದಿದ್ದರು ಅತ್ತೆ.

ಆದರೆ ಬಾಗಿಲಿನ ಮೋಟರು ಕೈಕೊಡತೊಡಗಿತು. ಅದೂ ಆಸ್ಪತ್ರೆಗೆ ಹೋಗುವ ಗುರುವಾರವೇ. ಕೈಯಿಂದ ಎತ್ತಿದರೆ ಬಾಗಿಲೇನೋ ಸಲೀಸಾಗಿ ಏಳುತ್ತಿತ್ತು. ಎದ್ದ ಮೇಲೆ ಹಿಡಿ ಆಕಾಶಕ್ಕೆ. ಸೊಸೆ ಕುಳ್ಳಿ, ಹಾರಿದರೂ ಎಟುಕದು. ಒಮ್ಮೆ ಆಸ್ಪತ್ರೆಯ ಕಾವಲುಗಾರ ಅದಕ್ಕೆ ಜೋತುಬಿದ್ದು ಇಳಿಸಲು ಹೋಗಿ ಗಾಜು ಬಿರುಕುಬಿಟ್ಟಿತು. ಅಂದಿನಿಂದ ಬಾಗಿಲನ್ನು ಬೇರೆ ಯಾರೂ ಮುಟ್ಟಕೂಡದೆಂದು ಗಂಡನ ಕಟ್ಟಪ್ಪಣೆ. ಮನೆಯಲ್ಲಿ ಎತ್ತರದವನು ಅವನೊಬ್ಬನೇ. ಹೀಗಾಗಿ ಮೂರು ಗುರುವಾರ ಅವನೇ ಅರ್ಧ ದಿನ ರಜೆ ಹಾಕಿ, ಗೊಣಗುತ್ತ, ಬಾಗಿಲೆಳೆಯಲು ಬಂದ.

"ಏನ್ ಸಾರ್, ಹದ್ದು ಇವತ್ತೂ ರೆಕ್ಕೆ ಮಡಚಲಿಲ್ವಾ?" ಎಂದು ಪಕ್ಕದ ಮನೆಯಾತ ಕಾಂಪೌಂಡಿನಾಚೆಯಿಂದ ನಗುತ್ತಿದ್ದ.

ಕಳೆದ ಗುರುವಾರ ಆಸ್ಪತ್ರೆಯ ಮುಂದೆ ದಿಢೀರನೆ ಮಳೆ ಬಂತು. ಎತ್ತಿದ ಬಾಗಿಲಿನಡಿ ಮೂವರೂ ಒತ್ತೊತ್ತಾಗಿ ನಿಂತು ಚಹಾ ಕುಡಿದರು. ಬಾಗಿಲಿನ ಅಂಚಿನಿಂದ ನೀರು ಧಾರೆಯಾಗಿ ಗಂಡನ ಕತ್ತಿನೊಳಗೇ ಇಳಿಯಿತು. ಅತ್ತೆ ಟವೆಲ್ಲಿನಿಂದ ಅವನ ತಲೆ ಒರೆಸಿದರು. ಅವನು ಬಾಯ್ತುಂಬ ನಕ್ಕ. ಮನೆಗೆ ಬಂದವನೇ, ಅರ್ಧ ದಿನ ಹಾಳಾಯಿತೆಂದು ರೇಗಿದ.

ಮೀಸೆ ಮೆಕ್ಯಾನಿಕ್ ಮೂರನೇ ಸಲ ಬಂದಾಗ ತಲೆ ಕೆರೆದುಕೊಂಡ. "ಸಾರ್, ಫ್ಯೂಸು ಸುಟ್ಟಿಲ್ಲ, ಸಡಿಲಾನೂ ಆಗಿಲ್ಲ. ಮಾಯ! ನಿಮ್ಮ ಶೆಡ್ಡಲ್ಲಿರೋದು ಇಲಿ ಅಲ್ಲ ಸಾರ್, ಎಲೆಕ್ಟ್ರಿಷಿಯನ್ನು." ಹೊಸದೊಂದನ್ನು ಹಾಕಿ ಹೋದ.

"ಆ ಪಕ್ಕದ ಮನೆಯವನದೇ ಕೆಲಸ. ಹೊಟ್ಟೆಕಿಚ್ಚು," ಎಂದು ಗಂಡ ತೀರ್ಪು ಕೊಟ್ಟ.

ನಾಳೆಯ ಗುರುವಾರ ಮಾತ್ರ ಹಾಗಲ್ಲ. ಅತ್ತೆಯನ್ನು ನೋಡುವವರು ದೊಡ್ಡ ಡಾಕ್ಟರು. ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕು. ಅದೇ ಹೊತ್ತಿಗೆ ಆಫೀಸಿನಲ್ಲಿ ಗಂಡನ ಸಂದರ್ಶನ. ಗೆದ್ದರೆ ದೊಡ್ಡ ಹುದ್ದೆ. ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತಾಟ.

"ನಾಳೆ ನಾನು ಬರಕ್ಕಾಗಲ್ಲ," ಎಂದು ಊಟದ ಹೊತ್ತಿಗೆ ಅವನು ಹೇಳಿದ. "ಬಾಗಿಲು ಕೈಕೊಡ್ತೋ, ಆ ಹುದ್ದೆ ಕೈಬಿಟ್ಟ ಹಾಗೇನೇ."

"ನಿಶ್ಚಿಂತೆಯಾಗಿ ಮಲಗೋ," ಎಂದರು ಅತ್ತೆ. "ಶೆಡ್ಡಿನ ಪಕ್ಕದ ರೂಮು ನಂದೇ ತಾನೆ. ಇಲಿ ಮೀಸೆ ಅಲ್ಲಾಡಿಸಿದ್ರೂ ಕೇಳತ್ತೆ."

"ರಾತ್ರಿ ನಾನೂ ಒಂದ್ಸಲ ಎದ್ದು ನೋಡ್ಕೊಂಡು ಬರ್ತೀನಿ ರೀ," ಎಂದಳು ಸೊಸೆ.

"ನೀವಿಬ್ರು ಇರೋವಾಗ ನಂಗೇನು ಭಯ!"

ಈಗ ಅವಳು ದಿಂಬಿನಡಿಯಿಂದ ಟಾರ್ಚು ತೆಗೆದಳು. ಮೇಜಿನ ಮೇಲೆ ತಡವಿದಾಗ ಕೈಗೆ ಬಂದ ಆಯುಧವೆಂದರೆ ಹುಬ್ಬು ಕೀಳುವ ಚಿಮುಟ. ಕಿರುಗುಟ್ಟುವ ಮೆಟ್ಟಿಲನ್ನು ದಾಟಿ, ದೀಪ ಹಾಕದೆ ಕೆಳಗಿಳಿದಳು. ಪಕ್ಕದ ಮನೆಯಾತನೇ ಆಗಿದ್ದರೆ? ಕಿರುಚುವುದೋ, ಓಡುವುದೋ? ಶೆಡ್ಡಿನ ಬಾಗಿಲು ಸದ್ದಿಲ್ಲದೆ ಸರಿಯಿತು. ಅದರ ಕೀಲಿಗೆ ಅವಳೇ ಎಣ್ಣೆ ಬಿಟ್ಟಿದ್ದಳು.

ಗಾಡಿಯ ಮುಂದಿನ ಬಾಗಿಲು ತೆರೆದಿತ್ತು. ಮಾಮೂಲಿ ಬಾಗಿಲು, ಬಗ್ಗಿ ನುಸುಳಬೇಕಾದದ್ದು. ಒಳಗಿನ ಮಂದ ದೀಪದಲ್ಲಿ ಕಂಡದ್ದು ಬಿಲ್ಲಿನಂತೆ ಬಾಗಿದ ಒಂದು ಬೆನ್ನು. ತಲೆ ಸ್ಟೀರಿಂಗ್ ಕೆಳಗೆ. ಒಂದು ಕಾಲು ಹೊರಗೆ, ಬೆರಳ ತುದಿಯಲ್ಲಿ ಜೋತಾಡುವ ಚಪ್ಪಲಿ.

ಆ ಚಪ್ಪಲಿ ಅವಳಿಗೆ ಗೊತ್ತು. ದಿನಾ ಬೆಳಿಗ್ಗೆ ಅದನ್ನು ಬಗ್ಗಿ ಅತ್ತೆಯ ಕಾಲಿಗೆ ಹಾಕುವವಳು ಅವಳೇ.

ಅತ್ತೆ ಚುರುಕಾಗಿ ಹೊರಬಂದರು, ನೆಟ್ಟಗೆ ನಿಂತರು, ಬೆರಳಲ್ಲಿದ್ದ ಪುಟ್ಟ ವಸ್ತುವನ್ನು ಕನ್ನಡಕದ ಡಬ್ಬಿಯೊಳಗಿಟ್ಟು ಮುಚ್ಚಿದರು. ಹಿಂದಿನ ಬಾಗಿಲನ್ನು ಹಸುವಿನ ಮೈ ತಟ್ಟಿದಂತೆ ತಟ್ಟಿದರು.

"ನಾಳೆ ನಿಂಗೂ ರಜಾ, ಅವನಿಗೂ ರಜಾ," ಎಂದು ಪಿಸುಗುಟ್ಟಿದರು. ಗೋಡೆಗೊರಗಿಸಿದ್ದ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸರಸರನೆ ತಮ್ಮ ರೂಮಿಗೆ ನಡೆದರು.

ಸೊಸೆ ಟಾರ್ಚು ಹಚ್ಚದೆಯೇ ಶೆಡ್ಡಿನ ಬಾಗಿಲು ಸರಿಸಿದಳು. ಆಮೇಲೆ ಮೇಲೆ ಹೋಗಿ, ಚಿಮುಟವನ್ನು ಇದ್ದಲ್ಲೇ ಇಟ್ಟು ಮಲಗಿದಳು.

"ಏನೇ ಅದು?" ಎಂದ ಗಂಡ, ನಿದ್ದೆಗಣ್ಣಲ್ಲಿ.

"ಏನಿಲ್ಲ ರೀ. ಎಲ್ಲಾ ಸರಿಯಾಗಿದೆ. ಮಲಗಿ."

ಇದನ್ನು ಅವನಿಗಷ್ಟೇ ಅಲ್ಲ, ಯಾರಿಗೂ ಹೇಳಬಾರದೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು. ಮೊದಲು ಮಾಯವಾದ ಎರಡು ಫ್ಯೂಸುಗಳು ಅವಳ ಹೊಲಿಗೆ ಡಬ್ಬಿಯಲ್ಲಿ ಭದ್ರವಾಗಿದ್ದವು. ಕಳೆದ ವಾರ ಮೂರನೆಯದನ್ನು ತನಗಿಂತ ಮುಂಚೆ ಕಿತ್ತವರು ಯಾರೆಂದು ಮಾತ್ರ ಅವಳಿಗೆ ಇಲ್ಲಿಯವರೆಗೆ ತಿಳಿದಿರಲಿಲ್ಲ.