ಭೇರ್ಯಕ್ಕಿಲ್ಲದ ಕೋಡ್

“ನಿಮ್ಮ ಖಾತೆಗೆ ಹೊರದೇಶದ ದುಡ್ಡು ಬರಲ್ಲ ಅಂತ ಯಾರಮ್ಮ ಹೇಳಿದ್ದು?” ಭೇರ್ಯದ ಬ್ಯಾಂಕಿನ ಗುಮಾಸ್ತೆ ನಂದಿತಾ ಹೀಗೆ ಕೇಳಿದಾಗ ಕುಳ್ಳಮ್ಮ ಕೌಂಟರಿನ ಹತ್ತಿರ ಸರಿದಳು.

“ನನ್ ಮಗ ಕಣವ್ವ. ಅದೇನೋ ಸ್ವಿಫ್ಟ್ ಕೋಡು ಅಂತ ಇರ್ತದಂತೆ. ಅದು ಭೇರ್ಯದ ಬ್ಯಾಂಕ್ಗಿಲ್ಲ, ಅದಿಲ್ದೆ ಕಳಿಸಿದ್ರೆ ದುಡ್ಡು ದಾರೀಲೇ ಕಳ್ದೋಯ್ತದೆ ಅಂದ. ಮಸ್ಕತ್ತಲ್ಲಿರೋ ನನ್ ಮಗ್ಳು, ಎಲ್ಲದಕ್ಕೂ ನೀನೇ ಒಂದ್ಸಲ ಓಗಿ ಕೇಳವ್ವ ಅಂದ್ಲು. ಅದ್ಕೇ ಬಂದೆ.”

“ಈ ಶಾಖೆಗೆ ಅಂತ ಬೇರೆ ಕೋಡ್ ಇಲ್ಲ, ಅದು ನಿಜ. ಸಣ್ಣ ಶಾಖೆಗಳಿಗೆ ಇರೋದೂ ಇಲ್ಲ. ಮೈಸೂರಿನಲ್ಲಿ ನಮ್ಮ ದೊಡ್ಡ ಶಾಖೆ ಇದೆಯಲ್ಲ, ಅದರ ಕೋಡ್ ಹಾಕಿ ನಿಮ್ಮ ಖಾತೆ ನಂಬರ್ ಕೊಟ್ಟರೆ ಸಾಕು, ದುಡ್ಡು ನಿಮ್ಮ ಹೆಸರಿಗೇ ಬೀಳುತ್ತೆ. ಕಾಂತರಾಜು ಅಲ್ವ ನಿಮ್ಮ ಮಗ? ಅವರು ಹೋದ ವರ್ಷವೇ ಬಂದು ಕೇಳಿದ್ರು. ಇದನ್ನೇ ಹೇಳಿ ಕಳಿಸಿದ್ದೆ.”

ನಂದಿತಾ ಆ ಕೋಡನ್ನು ಕುಳ್ಳಮ್ಮನ ಫೋನಿನಿಂದಲೇ ಮಸ್ಕತ್ತಿಗೆ ಕಳಿಸಿಕೊಟ್ಟಳು. ಕುಳ್ಳಮ್ಮ ಬೆಂಚಿನ ಮೇಲೆ ಕೂತಳು. ಅಲ್ಲಿ ಮಗಳು ಸಂಘಮಿತ್ರ ಯಾರದೋ ಮನೆಯ ಹಾಸಿಗೆ ಹಿಡಿದ ಮುದುಕಿಯ ಮೈ ತೊಳೆದು, ಬಾಯಿಗೆ ಗಂಜಿ ಬಿಟ್ಟು, ಅವ್ವನ ಕಣ್ಣಿಗೆ ಅಂತಲೇ ದುಡ್ಡು ಕಳಿಸುತ್ತಿದ್ದಳು. ಅದು ಕೃಷ್ಣರಾಜನಗರದ ಬ್ಯಾಂಕಿನಲ್ಲಿದ್ದ ಮಗನ ಖಾತೆಗೆ ಹೋಗಿ ಬೀಳುತ್ತಿತ್ತು. ಕಣ್ಣಿಗೆ ಬಿಡುವ ಔಷಧಿ ಮುಗಿದಾಗಲೆಲ್ಲ ಹೆತ್ತವಳು ಅವನ ಮುಂದೆ ಕೈಯೊಡ್ಡಿ ನಿಲ್ಲಬೇಕು, ಅವನು ಜೇಬು ತಡವಿ ನಾಳೆ ಬಾ ಅನ್ನಬೇಕು. ಆಪರೇಷನ್ ಹೊಗೆಸೊಪ್ಪು ಮಾರಾಟವಾದ ಮೇಲೆ ಅಂದ, ಆಮೇಲೆ ಯುಗಾದಿ ಕಳೆಯಲಿ ಅಂದ. ಅಷ್ಟರಲ್ಲಿ ಎಡಗಣ್ಣು ಪೂರ್ತಿ ಕತ್ತಲಾಯಿತು. ಬಲಗಣ್ಣನ್ನಾದರೂ ಉಳಿಸಿಕೊಳ್ಳಿ ಎಂದು ಡಾಕ್ಟರು ಬೈದು ಕಳಿಸಿದ್ದರು. ಅವ್ವನ ಕಿವಿಗೂ ಅಕ್ಕನ ಕಿವಿಗೂ ಒಟ್ಟಿಗೇ ಹೂವಿಟ್ಟು ತಿರುಗುತ್ತಿದ್ದನಲ್ಲ ಇವನು, ಇವನಿಗೆ ಅನ್ನ ಹೇಗೆ ಇಳಿಯುತ್ತಿತ್ತೋ.

ಗೃಹಲಕ್ಷ್ಮಿ ದುಡ್ಡು ವಿಚಾರಿಸಬೇಕು ಅಂದಿದ್ದ ಅವ್ವನನ್ನು ಕರೆತಂದಿದ್ದ ಕಾಂತರಾಜು ಹೊರಗೆ ಹೊಸ ಬೈಕಿಗೆ ಒರಗಿಕೊಂಡು ಫೋನ್ ನೋಡುತ್ತಿದ್ದ. “ಏನವ್ವ, ಗೃಹಲಕ್ಷ್ಮಿ ದುಡ್ಡು ಬಂದದಾ?”

“ಮೈಸೂರಿನ ಕೋಡ್ ಆಕಿದ್ರೆ ಸಾಕಂತೆ ಕಣ್ಲಾ. ನಿಂಗೂ ಏಳಿದ್ರಂತೆ.”

ಅವನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆಮೇಲೆ ಅವನಿಗೇ ಸಿಟ್ಟು ಬಂತು. ಇಂಥವರಿಗೆ ಸಿಕ್ಕಿಬಿದ್ದಾಗಲೇ ಸಿಟ್ಟು ಬರುವುದು.

“ಮನೆ ದುಡ್ಡು ಯಾರ ಖಾತೆಗ್ ಬಂದ್ರೇನವ್ವ? ನಾನೇನ್ ಕುಡ್ದು ಕಳ್ದಿದ್ದೀನಾ? ಈ ಗಾಡಿ ತಗಂಡಿದ್ದೂ ನಿನ್ನ ಆಸ್ಪತ್ರೆಗೆ ಕರ್ಕೊಂಡೋಗಕ್ಕೇ ತಾನೆ?”

“ಎಡಗಣ್ಣು ಓಯ್ತಲ್ಲ, ಅದೂ ಮನೇದೇನ್ಲಾ?”

ಟೀ ಅಂಗಡಿಯಲ್ಲಿ ಕೂತಿದ್ದವರು ಈ ಕಡೆ ತಿರುಗಿದರು. ಕಾಂತರಾಜು ದನಿ ಇಳಿಸಿದ. “ಮೆತ್ತಗ್ ಮಾತಾಡವ್ವ, ಜನ ನೋಡ್ತಾವ್ರೆ. ಬಾ, ಗಾಡಿ ಅತ್ತು. ಅಕ್ಕನ್ಗೆ ಮಾತ್ರ ಇದ್ನೆಲ್ಲ ಏಳ್ಬ್ಯಾಡ. ನನ್ ಮಾನ ಓಯ್ತದೆ.”

ಕುಳ್ಳಮ್ಮ ಗಾಡಿ ಹತ್ತಲಿಲ್ಲ.

“ಅವ್ಳು ಫೋನ್ ಮಾಡ್ದಾಗ್ಲೆಲ್ಲ, ಅವ್ವ, ಕಣ್ಣು ಕಾಣ್ತದಾ ಅಂತ ಕೇಳ್ತಾಳೆ. ತಮ್ಮ ಸರಿಯಾಗಿ ನೋಡ್ಕತಾ ಇಲ್ಲ ಅಂತ ತಿಳ್ಕಂಡಾಳು ಅಂತ, ಚೆನ್ನಾಗ್ ಕಾಣ್ತದೆ ಕಣವ್ವ ಅಂತಿದ್ದೆ. ನಿನ್ ಮಾನಕ್ಕೆ ಒಂದ್ ಕಣ್ಣು ಕೊಟ್ಟಿವ್ನಿ ಕಣ್ಲಾ. ಇನ್ನೊಂದ ಕೊಡಾಕಿಲ್ಲ.”