ಅಜ್ಜಿ ಚಾಚಿದ ಬೆರಳು

ಸೊಳ್ಳೆ ಓಡಿಸಲು ಯಾರಾದರೂ ಲಕ್ಕಿಸೊಪ್ಪಿನ ಹೊಗೆ ಹಾಕಿದರೆ, ಮಾದಿಹಳ್ಳಿಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅಂಥದೇ ಹೊಗೆಯ ನಡುವೆ ಚಳಿಜ್ವರದಲ್ಲಿ ಮಲಗಿದ್ದ ನನಗೆ ಸೂರಿನ ತೊಲೆಗಳು ನೀರಿನಂತೆ ಅಲುಗುತ್ತಿದ್ದವು. ಊರಿಗೆಲ್ಲ ಔಷಧಿ ಕೊಡುತ್ತಿದ್ದ ಅಜ್ಜಿ ಮೂರು ದಿನ ಅಮೃತಬಳ್ಳಿ ಕಷಾಯ ಕುಡಿಸಿದ್ದಳು. ಜ್ವರ ಇಳಿದಿರಲಿಲ್ಲ.

ರಕ್ತ ಪರೀಕ್ಷೆಗೆ ನರ್ಸಮ್ಮ ಬಂದರು. ಸೂಜಿ ಕಂಡು ನಾನು ಅತ್ತೆ. ಅಜ್ಜಿ ಸೊಪ್ಪಿನ ಹಸಿರು ಹತ್ತಿದ್ದ ತನ್ನ ಬೆರಳು ಚಾಚಿ, "ಮೊದ್ಲು ನಂಗೆ ಚುಚ್ಚವ್ವ, ಮಗು ನೋಡ್ಲಿ," ಎಂದಳು.

ಜಗಲಿಯಲ್ಲಿ ಜ್ವರ ಬಂದ ಇಬ್ಬರು ಹೆಂಗಸರು ಅಜ್ಜಿಯ ಕಷಾಯಕ್ಕೆ ಕಾದಿದ್ದರು. "ಈ ಜ್ವರ ನನ್ ಕೈಲಾಗಲ್ಲ ಕಣ್ರವ್ವ. ನರ್ಸಮ್ಮ ಒಳಗವ್ರೆ, ಬನ್ನಿ," ಎಂದು ಅಜ್ಜಿಯೇ ಕರೆದಳು.

ಮಲೇರಿಯಾ ಮಾತ್ರೆಯಿಂದ ನನಗೆ ಗುಣವಾಯಿತು. ಆದರೆ ನರ್ಸಮ್ಮ ಹೋದ ಮೇಲೆ ಆ ಮಧ್ಯಾಹ್ನವೆಲ್ಲ ಅಜ್ಜಿ ಕಷಾಯದ ಒಲೆ ಹಚ್ಚದೆ, ನನ್ನ ಸೊಳ್ಳೆಪರದೆಯೊಳಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.